ಗೂಬೆಯ ಕಣ್ಣಿನ ಮೇಲಿನ ತೇಪೆ

ಬೆಳಕು ಇನ್ನೂ ಕಿಟಕಿಯ ಮೇಲಿನ ಸಾಲಿನ ಗಾಜಿಗೆ ಮಾತ್ರ ತಗುಲಿದೆ. ಕೆಳಗಿನ ಸಾಲು ನಿದ್ದೆಯಲ್ಲಿದೆ. ಗ್ರಂಥಾಲಯದ ಹಿಂಬದಿಯ ಉದ್ದನೆಯ ಕೋಣೆಯಲ್ಲಿ ಒಬ್ಬ ಹೆಂಗಸು ಮೇಜಿನ ಮೇಲೆ ಬಾಗಿದ್ದಾಳೆ. ಕೆನ್ನೆ ಹೆಚ್ಚುಕಡಿಮೆ ಹಾಳೆಗೆ ತಾಗಿದೆ. ದೂರದಿಂದ ಕಂಡವರು ಈಕೆ ಪುಸ್ತಕವನ್ನು ಓದುತ್ತಿಲ್ಲ, ಅದರ ಪಿಸುಮಾತು ಕೇಳಿಸಿಕೊಳ್ಳುತ್ತಿದ್ದಾಳೆ ಎಂದುಕೊಳ್ಳಬೇಕು. ನಿಜಕ್ಕೂ ಆಕೆ ಹುಡುಕುತ್ತಿರುವುದು ನೆರಳನ್ನು. ಓರೆಯಾಗಿ ಬಿದ್ದ ಬೆಳಕಿನಲ್ಲಿ ಹಾಳೆಯ ಮೇಲಿನ ಸಣ್ಣ ಸುಕ್ಕಿಗೂ ಒಂದು ನೆರಳಿರುತ್ತದೆ, ಸಣ್ಣ ಸೀಳಿಗೂ ಒಂದು ನೆರಳಿರುತ್ತದೆ.

ಹಾಳೆ ಕಾಗದದ್ದಲ್ಲ, ತೊಗಲಿನದು. ಕರುವಿನ ತೊಗಲನ್ನು ಸುಣ್ಣದ ನೀರಿನಲ್ಲಿ ನೆನೆಸಿ, ಕೂದಲು ಹೆರೆದು, ಚೌಕಟ್ಟಿಗೆ ಬಿಗಿದು ಒಣಗಿಸಿ, ಅದರ ಮೇಲೆ ಯಾರೋ ಒಬ್ಬ ನೂರಾರು ವರ್ಷಗಳ ಹಿಂದೆ ಗರಿಯ ಲೇಖನಿಯಿಂದ ಒಂದೊಂದೇ ಅಕ್ಷರವನ್ನು ಕೂರಿಸಿದ್ದಾನೆ. ಅಚ್ಚಿನ ಯಂತ್ರ ಎನ್ನುವುದು ಆಗ ಯಾರ ಕನಸಿಗೂ ಬಂದಿರಲಿಲ್ಲ.

"ತೊಗಲು ಬೆಳಿಗ್ಗೆ ಹೊತ್ತು ಮಾತ್ರ ಮಾತು ಕೇಳುತ್ತೆ," ಎನ್ನುತ್ತಾಳೆ ಆಕೆ ತಲೆ ಎತ್ತದೆ. "ರಾತ್ರಿಯ ತಂಪು ಕುಡಿದು ಮೆತ್ತಗಿರುತ್ತೆ. ಬಿಸಿಲು ಏರಿತೋ, ಅಂಚೆಲ್ಲ ಸುರುಟಿಕೊಂಡು ಮೊಂಡಾಟ ಶುರು. ಎಷ್ಟು ನೂರು ವರ್ಷ ಆದ್ರೇನು, ಚರ್ಮ ಚರ್ಮಾನೇ."

ಬಾಗಿಲು ಕಾಯುವವರಿಂದ ಹಿಡಿದು ಗ್ರಂಥಪಾಲಕಿಯವರೆಗೆ ಎಲ್ಲರೂ ಆಕೆಯನ್ನು ಕರೆಯುವುದು 'ತೇಪೆಯಕ್ಕ' ಎಂದು. ಹುಳ ಕೊರೆದ ತೂತು, ಇಲಿ ಕಡಿದ ಅಂಚು, ಅವಸರದ ಓದುಗನೊಬ್ಬ ಎಂದೋ ಹರಿದ ಮೂಲೆ, ಇವೆಲ್ಲಕ್ಕೂ ತೆಳ್ಳನೆಯ ತೊಗಲಿನ ತೇಪೆ ಹಾಕುವುದು ಆಕೆಯ ಕೆಲಸ. ತೇಪೆಯ ಅಂಚನ್ನು ಬೆರಳಿಗೆ ತಿಳಿಯದಷ್ಟು ತೆಳುವಾಗಿ ಹೆರೆಯಬೇಕು. ತೊಗಲಿನ ಚೂರುಗಳನ್ನೇ ಕುದಿಸಿ ಅಂಟು ಮಾಡಬೇಕು. ಅಂಟಿಸಿದ ಮೇಲೆ ಮರಳಿನ ಚೀಲ ಹೇರಿ ಕಾಯಬೇಕು. ದಿನ ಚೆನ್ನಾಗಿದ್ದರೆ ಬೆರಳುದ್ದದ ಸೀಳೊಂದು ಮುಚ್ಚುತ್ತದೆ. ಇಲ್ಲದಿದ್ದರೆ ಒಂದು ಹುಳದ ತೂತಿಗೇ ಸಂಜೆಯಾಗುತ್ತದೆ.

"ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅಂತಾರಲ್ಲ," ಎಂದು ನಗುತ್ತಾಳೆ. "ಇಲ್ಲಿ ದೊಣ್ಣೆ ಅಂದ್ರೆ ಹುಳ."

ಈ ಕಸುಬಿಗೆ ಒಂದು ವಿಚಿತ್ರ ನಿಯಮವಿದೆ. ಒಳ್ಳೆಯ ಕೆಲಸ ಕಣ್ಣಿಗೆ ಬೀಳಬಾರದು. "ಅಡುಗೆಯವರನ್ನ ಹೊಗಳ್ತಾರೆ, ದರ್ಜಿಯನ್ನ ಹೊಗಳ್ತಾರೆ. ನನ್ನ ಕೆಲಸ ನೋಡಿ ಯಾರಾದ್ರೂ 'ಆಹಾ' ಅಂದ್ರು ಅಂತಿಟ್ಕೊಳ್ಳಿ, ನಾನು ಸೋತೆ ಅಂತಲೇ ಅರ್ಥ." ಇದನ್ನು ಹೇಳುವಾಗ ಆಕೆಯ ದನಿಯಲ್ಲಿ ದೂರಿಲ್ಲ. ಬಾಗಿ ಬಾಗಿ ಕುತ್ತಿಗೆ ಒಂದು ಕಡೆಗೆ ತಿರುಗುವುದಿಲ್ಲ. ಕೈಗೆ ಎಣ್ಣೆ ಹಚ್ಚಿಕೊಳ್ಳುವಂತಿಲ್ಲ, ಹಾಳೆಗೆ ಕಲೆಯಾದೀತು. ಹಾಗಾಗಿ ಬೆರಳುಗಳೆಲ್ಲ ಬಿರುಕು. ಬಿರುಬೇಸಿಗೆಯಲ್ಲೂ ಫ್ಯಾನ್ ಹಾಕುವಂತಿಲ್ಲ. ಹೆರೆದ ತೇಪೆ ಗಾಳಿಗೆ ಹಾರಿ ಎಲ್ಲೋ ಸೇರುತ್ತದೆ. "ಒಂದ್ಸಲ ಒಂದಿಡೀ ದಿನದ ಕೆಲಸ ಸೀನಿನಲ್ಲಿ ಹೋಯ್ತು. ನನ್ನ ಸೀನೇ."

ಆಕೆ ಈ ಮೇಜಿಗೆ ಬಂದ ದಾರಿ ನೇರವಾದದ್ದಲ್ಲ. ಮದುವೆಗೆ ಮುಂಚೆ ಒಂದು ಲಾಂಡ್ರಿ ಅಂಗಡಿಯ ಮೂಲೆಯಲ್ಲಿ ಕುಳಿತು, ಸಿಗರೇಟಿನ ಕಿಡಿ ಬಿದ್ದು ಸುಟ್ಟ ಕೋಟುಗಳಿಗೆ ರಫೂ ಹಾಕುತ್ತಿದ್ದಳು. ಒಂದು ದಿನ ಹಿರಿಯ ಹೆಂಗಸೊಬ್ಬರು ಮಗನ ಕೋಟು ಒಯ್ಯಲು ಬಂದರು. ಕೋಟನ್ನು ಒಳಮೈ ಹೊರಗೆ ಮಾಡಿ, ಬೆಳಕಿಗೆ ಹಿಡಿದು, ರಫೂ ಹಾಕಿದ ಜಾಗವನ್ನು ಹೆಬ್ಬೆರಳಿನಿಂದ ಸವರಿ ಸವರಿ ನೋಡಿದರು. ಆಮೇಲೆ ಕೇಳಿದ ಮೊದಲ ಪ್ರಶ್ನೆ: "ನಿನಗೆ ಮದುವೆ ಆಗಿದೆಯೇನಮ್ಮಾ?"

"ಗಂಡ ನನ್ನ ಮುಖ ನೋಡೋಕೆ ಮುಂಚೆ ಅತ್ತೆ ನನ್ನ ರಫೂ ನೋಡಿ ಒಪ್ಕೊಂಡಿದ್ರು," ಎನ್ನುತ್ತಾಳೆ ತೇಪೆಯಕ್ಕ.

ಆ ಅತ್ತೆ ಆಗ ಈ ಕೋಣೆಯ ಒಡತಿ. ಸೊಸೆಯನ್ನು ಕರೆತಂದು ಪಕ್ಕದಲ್ಲಿ ಕೂರಿಸಿಕೊಂಡರು ನಿಜ, ಆದರೆ ಮೊದಲ ವರ್ಷವಿಡೀ ಹಳೆಯ ಹಾಳೆಯೊಂದನ್ನೂ ಮುಟ್ಟಲು ಬಿಡಲಿಲ್ಲ. "ಬರೀ ತೊಗಲಿನ ಚೂರು ಹೆರೆಯೋದು. ಹೆರೆ, ಹೆರೆ, ಹೆರೆ. ಆಮೇಲೆ ನನ್ನ ಕಣ್ಣು ಮುಚ್ಚಿಸಿ ಅಂಚು ಸವರಿಸೋರು. 'ತೇಪೆ ಎಲ್ಲಿ ಶುರುವಾಗುತ್ತೆ ಹೇಳು' ಅನ್ನೋರು. ನಾನು ಹೇಳಿಬಿಟ್ರೆ, 'ಹಾಗಾದ್ರೆ ಇನ್ನೂ ದಪ್ಪ ಇದೆ, ಮತ್ತೆ ಹೆರೆ' ಅನ್ನೋರು."

ಮನೆಯಲ್ಲಿ ಒಂದು ಪಂದ್ಯವೂ ಹುಟ್ಟಿಕೊಂಡಿತು. ಗ್ರಂಥಾಲಯದ ಯಾವುದೋ ಒಂದು ಪುಸ್ತಕದಲ್ಲಿ ತಾನು ಹಾಕಿದ ತೇಪೆಯೊಂದಿದೆ, ಅದು ಜೀವಮಾನದ ಕೆಲಸ, ಅದನ್ನು ಯಾರಿಗೂ ಹುಡುಕಲಾಗದು ಎಂದು ಅತ್ತೆ ಸಾರಿಬಿಟ್ಟಿದ್ದರು. ಯಾವ ಪುಸ್ತಕ, ಯಾವ ಹಾಳೆ ಎಂದು ಹೇಳಲಿಲ್ಲ. ಕೆಲವು ವರ್ಷಗಳ ನಂತರ ಅತ್ತೆಯ ಕಣ್ಣಿನ ನಡುಭಾಗ ಮಸುಕಾಯಿತು. ಈಗ ಎದುರಿಗೆ ಕುಳಿತವರ ಕಿವಿ ಕಾಣುತ್ತದೆ, ಮುಖ ಕಾಣುವುದಿಲ್ಲ. ಮೇಜು ಸೊಸೆಗೆ ಬಂತು. ಪಂದ್ಯ ಮಾತ್ರ ನಿಲ್ಲಲಿಲ್ಲ. ಸಂಜೆ ಸೊಸೆ ಚಪ್ಪಲಿ ಬಿಡುವ ಸದ್ದು ಕೇಳಿದರೆ ಸಾಕು, ಒಳಗಿನಿಂದ ದನಿ:

"ಸಿಕ್ತಾ?"

"ಇಲ್ಲ ಅತ್ತೆ."

"ಸಿಗಲ್ಲ ಬಿಡು." ಆಮೇಲೆ ಅವರು ತೃಪ್ತಿಯಿಂದ ಊಟಕ್ಕೆ ಏಳುತ್ತಿದ್ದರು.

"ಬೇರೆ ಮನೆಗಳಲ್ಲಿ ಅತ್ತೆ ಸೊಸೆ ಒಲೆಗೆ ಜಗಳ ಆಡ್ತಾರೆ," ಎನ್ನುತ್ತಾನೆ ಬಸ್ಸು ಓಡಿಸುವ ಗಂಡ. "ನಮ್ಮ ಮನೇಲಿ ಕಾಣದೇ ಇರೋ ತೂತಿಗೆ."

ಇಂದು ಬೆಳಿಗ್ಗೆ ಮೇಜಿನ ಮೇಲಿರುವುದು ಪ್ರಾಣಿಪಕ್ಷಿಗಳ ಒಂದು ಹಸ್ತಪ್ರತಿ. ನರಿ, ಆಮೆ, ಜೇನುನೊಣ, ಯಾರೂ ಕಂಡಿರದ ಒಂದು ಕೊಂಬಿನ ಕುದುರೆ, ಎಲ್ಲವೂ ಬಣ್ಣಬಣ್ಣವಾಗಿ ಕುಳಿತಿವೆ. ದೊಡ್ಡ ಮುದ್ರಣಾಲಯವೊಂದು ಅದನ್ನು ಇದ್ದಂತೆಯೇ ಅಚ್ಚು ಹಾಕಿ ಸಾವಿರಾರು ಪ್ರತಿ ಮಾರಲು ಹೊರಟಿದೆ. ಪಕ್ಕದ ಕೋಣೆಯಲ್ಲಿ ಮುದ್ರಣಾಲಯದ ಕ್ಯಾಮೆರಾದವನು ದೀಪಗಳನ್ನು ನಿಲ್ಲಿಸಿಕೊಂಡು ಬೀಡುಬಿಟ್ಟಿದ್ದಾನೆ. ಫೋಟೋ ತೆಗೆಯುವ ಮುಂಚೆ ಪ್ರತಿ ಹಾಳೆಯನ್ನೂ ನೋಡಿ, ಅಲ್ಲಲ್ಲಿ ಸಡಿಲವಾದದ್ದನ್ನು ಭದ್ರಪಡಿಸುವುದು ತೇಪೆಯಕ್ಕನ ಪಾಲಿನ ಕೆಲಸ. ಕ್ಯಾಮೆರಾದವನ ಬಾಯಿಗೆ ಬಿಡುವಿಲ್ಲ.

"ಅಕ್ಕಾ, ನನ್ನ ಕ್ಯಾಮೆರಾಗೆ ನೊಣದ ಕಾಲಿನ ಕೂದಲೂ ಕಾಣುತ್ತೆ. ಅಚ್ಚಾದ ಮೇಲೆ ಈ ಹಳೇ ಪುಸ್ತಕ ಇಟ್ಕೊಂಡು ಏನು ಮಾಡ್ತೀರಿ ನೀವು?"

"ನಿನ್ನ ಮದುವೇಲಿ ಫೋಟೋ ತೆಗೆಸಿದ್ಯಾ?"

"ಹೂಂ ಮತ್ತೆ. ಆಲ್ಬಮ್ ಇದೆ."

"ಹಾಗಾದ್ರೆ ಹೆಂಡ್ತೀನ ಇನ್ನೂ ಯಾಕೆ ಇಟ್ಕೊಂಡಿದ್ದೀಯಾ?"

ಅವನು ಜೋರಾಗಿ ನಗುತ್ತಾನೆ. ಮುಂದಿನ ವಾರದ ಹಾಳೆಗಳನ್ನು ಇವತ್ತೇ ಒಮ್ಮೆ ನೋಡಿಬಿಡೋಣ ಎಂದು ಪುಸ್ತಕವನ್ನು ತನ್ನ ಕೋಣೆಗೆ ಒಯ್ಯುತ್ತಾನೆ. ಸ್ವಲ್ಪ ಹೊತ್ತಿಗೆ ಮತ್ತೆ ಬಾಗಿಲಲ್ಲಿ.

"ಅಕ್ಕಾ, ಇಲ್ಲೊಂದು ಗೂಬೆ ಇದೆ. ಒಂದು ಕಣ್ಣು ಬಂಗಾರದ ಥರ ಹೊಳೀತಾ ಇದೆ, ಇನ್ನೊಂದು ಪೂರ್ತಿ ಸವೆದುಹೋಗಿದೆ. ಒಳ್ಳೇ ಕಣ್ಣನ್ನೇ ನಕಲು ಮಾಡಿ ಆ ಕಡೆ ಕೂರಿಸಿಬಿಡಲಾ? ಕಂಪ್ಯೂಟರ್‌ನಲ್ಲಿ ಎರಡು ನಿಮಿಷದ ಕೆಲಸ."

ಆಕೆ ಹೋಗಿ ನೋಡುತ್ತಾಳೆ. ಗೂಬೆ ಹಾಳೆಯ ನಡುವೆ ಗುಂಡಗೆ ಕುಳಿತಿದೆ. ಎಡಗಣ್ಣು ಹಳದಿ, ಅದರ ಸುತ್ತ ಕೆಂಪು ಗೆರೆ. ಬಲಗಣ್ಣಿನಲ್ಲಿ ಬಣ್ಣವೇ ಇಲ್ಲ, ಬರೀ ತೊಗಲು, ಅದೂ ಕೊಳೆ ಹಿಡಿದು ಕಂದಾಗಿದೆ. ನೀರು ಬಿದ್ದದ್ದಲ್ಲ, ಇಲಿಯದ್ದಲ್ಲ. ಇದು ಬೆರಳಿನ ಸವೆತ. ಆದರೆ ಬೆರಳು ಉಜ್ಜಿದ ಕಲೆಗೆ ಗಡಿ ಇರುವುದಿಲ್ಲ, ಸುತ್ತಲೂ ಹರಡಿಕೊಂಡಿರುತ್ತದೆ. ಈ ಕಲೆಗೆ ಕತ್ತರಿಸಿ ಇಟ್ಟಂಥ ಅಂಚಿದೆ, ಕೋಳಿಮೊಟ್ಟೆಯ ಆಕಾರವಿದೆ. ಯಾರೋ ಅಚ್ಚು ಇಟ್ಟು, ಅದರೊಳಗೆ ಮಾತ್ರ ಬೆರಳಾಡಿಸಿದ ಹಾಗೆ.

ಪುಸ್ತಕವನ್ನು ತನ್ನ ಮೇಜಿಗೆ ತಂದು, ಗೂಬೆಯ ಮೇಲೆ ಮಲಗುವ ಹಿಂದಿನ ಹಾಳೆಯನ್ನು ಎತ್ತಿ ನಿಲ್ಲಿಸಿ, ಅದರ ಬೆನ್ನಿಗೆ ದೀಪ ಹಿಡಿಯುತ್ತಾಳೆ. ಬೆಳಕು ತೊಗಲಿನೊಳಗೆ ಇಳಿದು, ಆ ಕರುವಿನ ನರಗಳೆಲ್ಲ ಎಲೆಯ ನರಗಳ ಹಾಗೆ ಮೇಲಿನಿಂದ ಕೆಳಕ್ಕೆ ಹರಿಯುವುದು ಕಾಣುತ್ತದೆ. ಬರಹದ ನಡುವಿನ ಒಂದು ಖಾಲಿ ಜಾಗದಲ್ಲಿ ಮಾತ್ರ ನರಗಳು ಅಡ್ಡಡ್ಡ ಹರಿದಿವೆ. ಮೊಟ್ಟೆಯಾಕಾರ. ಆಕೆ ಕಣ್ಣು ಮುಚ್ಚಿ ಬೆರಳಾಡಿಸುತ್ತಾಳೆ. ಅಂಚಿಲ್ಲ. ಎಲ್ಲೂ ಶುರುವಾಗುವುದಿಲ್ಲ, ಎಲ್ಲೂ ಮುಗಿಯುವುದಿಲ್ಲ.

ಇಂಥ ಕೈ ಜಗತ್ತಿನಲ್ಲಿ ಒಂದೇ ಇರುವುದು. ಅದು ಈ ಹೊತ್ತಿನಲ್ಲಿ ಮನೆಯ ಜಗಲಿಯಲ್ಲಿ ಕುಳಿತು ಬಟಾಣಿ ಸುಲಿಯುತ್ತಿರುತ್ತದೆ.

ಆಕೆಗೆ ಕುಣಿಯಬೇಕೆನಿಸುತ್ತದೆ. ಇಷ್ಟು ವರ್ಷದ ಪಂದ್ಯ! ಆ ಖುಷಿಯಲ್ಲೇ ಹಾಳೆಯನ್ನು ಮೆಲ್ಲಗೆ ಮಲಗಿಸುತ್ತಾಳೆ. ತೇಪೆ ನೇರವಾಗಿ ಹೋಗಿ ಗೂಬೆಯ ಸವೆದ ಕಣ್ಣಿನ ಮೇಲೆ ಕೂರುತ್ತದೆ, ಕೂದಲೆಳೆಯಷ್ಟೂ ಆಚೀಚೆಯಾಗದೆ. ಖುಷಿ ಅಲ್ಲಿಗೆ ನಿಲ್ಲುತ್ತದೆ.

ಗ್ರಂಥಪಾಲಕಿ ಬರುತ್ತಾರೆ. ಮೂವರೂ ಮೇಜಿನ ಸುತ್ತ ತಲೆಗೆ ತಲೆ ಕೊಟ್ಟು ನಿಲ್ಲುತ್ತಾರೆ. ಒಬ್ಬರು ಕಂಡದ್ದನ್ನು ಇನ್ನೊಬ್ಬರು ಮುಂದುವರಿಸುತ್ತ ಹೋದಂತೆ ಕಥೆ ತಾನಾಗಿ ಕೂಡಿಕೊಳ್ಳುತ್ತದೆ. ಬದುಕಿದ್ದಾಗ ಆ ಕರುವಿಗೆ ಯಾವುದೋ ನೊಣ ಕಚ್ಚಿದೆ. ತೊಗಲನ್ನು ಬಿಗಿದು ಒಣಗಿಸಿದಾಗ ಆ ಗಾಯ ಹಿಗ್ಗಿ ತೂತಾಗಿದೆ. ಬರೆಯುವವನು ತೂತಿನವರೆಗೆ ಬಂದು, ಪದವನ್ನು ಅರ್ಧಕ್ಕೆ ನಿಲ್ಲಿಸಿ, ಹಳ್ಳ ದಾಟುವ ಹಾಗೆ ಆಚೆಗೆ ಜಿಗಿದು ಉಳಿದರ್ಧ ಬರೆದಿದ್ದಾನೆ. ಚಿತ್ರ ಬರೆಯುವವನು ಅವನಿಗಿಂತ ಕಿಲಾಡಿ. ಮುಂದಿನ ಹಾಳೆಯಲ್ಲಿ ಗೂಬೆಯನ್ನು ಅಳೆದು ಕೂರಿಸಿದ್ದಾನೆ, ಈ ತೂತಿನಿಂದ ಅದರ ಒಂದು ಕಣ್ಣು ಮಾತ್ರ ಇಣುಕಬೇಕು ಎಂದು. ಪುಟ ತಿರುಗಿಸುವ ಮುಂಚೆಯೇ ಗೂಬೆ ಓದುಗನನ್ನು ನೋಡುತ್ತಿರುತ್ತದೆ. ಅಂಥ ಕಣ್ಣನ್ನು ಕಂಡ ಮೇಲೆ ಬೆರಳು ಸುಮ್ಮನಿದ್ದೀತೇ? ತಲೆಮಾರಿನಿಂದ ತಲೆಮಾರಿಗೆ, ತೂತಿನೊಳಗೆ ಬೆರಳು ತೂರಿಸಿ ಮುಟ್ಟಿ ಮುಟ್ಟಿ, ಓದುಗರು ಆ ಕಣ್ಣನ್ನು ಸವೆಸಿದ್ದಾರೆ.

ಆಮೇಲೆ ಒಂದು ಮಳೆಗಾಲ ಗ್ರಂಥಾಲಯದ ಸೂರು ಸೋರಿತು. ಪುಸ್ತಕದ ಹೊಲಿಗೆ ಬಿಚ್ಚಿಹೋಗಿ ಹಾಳೆಗಳು ಬಿಡಿಬಿಡಿಯಾದವು. ತೂತು ಕಂಡಲ್ಲೆಲ್ಲ ಮುಚ್ಚಿ ಎಂಬುದು ಅಂದಿನ ಮೇಲಿನವರ ಅಪ್ಪಣೆ. ಅತ್ತೆಯ ಮೇಜಿಗೆ ಒಂದೊಂದೇ ಹಾಳೆ ಬರುತ್ತಿತ್ತು, ರಿಪೇರಿಯಾಗಿ ಹೋಗುತ್ತಿತ್ತು. ತೂತಿನ ಹಾಳೆ ಅವರ ಕೈಯಲ್ಲಿದ್ದಾಗ ಗೂಬೆ ಇನ್ಯಾವುದೋ ಪೆಟ್ಟಿಗೆಯಲ್ಲಿತ್ತು.

"ಈ ಖಾಲಿ ಜಾಗದಲ್ಲಿ ಒಂದು ಪದ ಅಳಿಸಿಹೋಗಿದೆ ಅಂತ ಕಾಲೇಜಿನಲ್ಲಿ ನಾನು ಎರಡು ಪುಟ ಬರೆದಿದ್ದೆ," ಎಂದು ಗ್ರಂಥಪಾಲಕಿ ಹಣೆ ಒತ್ತಿಕೊಂಡು ನಗುತ್ತಾರೆ. "ಒಳ್ಳೇ ಅಂಕಾನೂ ಬಂದಿತ್ತು!" ಆಮೇಲೆ ಗಂಭೀರರಾಗುತ್ತಾರೆ. "ತೇಪೆಯಕ್ಕಾ, ಇದನ್ನ ಬಿಚ್ಚಿ ಅಂತ ನಾನು ಹೇಳಲ್ಲ. ಸುತ್ತಲೂ ಮಸಿ ಇದೆ. ಒತ್ತಾಯ ಮಾಡಿದ್ರೆ ಅಕ್ಷರ ಎದ್ದು ಬರುತ್ತೆ. ಹೇಗೆ ಅಂಟಿಸಿದ್ದಾರೆ ಅಂತ ಖಾತ್ರಿ ಆದ್ರೆ ಮಾತ್ರ ಕೈ ಹಾಕಿ. ಇಲ್ಲಾಂದ್ರೆ ಇದ್ದ ಹಾಗೇ ಫೋಟೋ ಆಗಲಿ."

ಹಾಗಾದರೆ ಅಚ್ಚಿನ ಸಾವಿರಾರು ಪ್ರತಿಗಳಲ್ಲೂ ಗೂಬೆ ಕಣ್ಣು ಮುಚ್ಚಿಕೊಂಡೇ ಇರುತ್ತದೆ. ಆಮೇಲೆ ಹಸ್ತಪ್ರತಿ ತಣ್ಣನೆಯ ಕಪಾಟು ಸೇರುತ್ತದೆ. ಮತ್ತೆ ಅದನ್ನು ಬಿಚ್ಚಿ ನೋಡುವ ಕಾಲ ಯಾವಾಗಲೋ.

ಆಕೆ ಹಿಂಬದಿಯಿಂದ, ಸೂಜಿಮೊನೆಯಷ್ಟು ತೇವ ಮುಟ್ಟಿಸಿ ನೋಡುತ್ತಾಳೆ. ಮಾಮೂಲಿ ತೊಗಲಂಟಾದರೆ ಇಷ್ಟಕ್ಕೇ ಮೆತ್ತಗಾಗಬೇಕು. ಇದು ಜಪ್ಪಯ್ಯ ಅನ್ನುವುದಿಲ್ಲ. ಅಂಟಿಗೆ ಏನೋ ಬೆರೆತಿದೆ. ಏನೆಂದು ಬಲ್ಲವರು ಒಬ್ಬರೇ. ಅವರನ್ನು ಕೇಳಬೇಕೆಂದರೆ ಮೊದಲು ಹೇಳಬೇಕು, ನೀವು ಜೀವಮಾನವೆಲ್ಲ ಹೆಮ್ಮೆಪಟ್ಟ ಕೆಲಸ ಮುಚ್ಚಬಾರದ ತೂತನ್ನು ಮುಚ್ಚಿದ್ದು ಎಂದು. ಬಿಸಿತುಪ್ಪ, ಉಗುಳುವಂತಿಲ್ಲ, ನುಂಗುವಂತಿಲ್ಲ.

ಆ ಸಂಜೆ ಚಪ್ಪಲಿ ಬಿಡುವಾಗ ಎಂದಿನ ಪ್ರಶ್ನೆ ಬರುತ್ತದೆ. "ಇಲ್ಲ ಅತ್ತೆ," ಎನ್ನುತ್ತಾಳೆ. ಮರುದಿನವೂ ಅದೇ. ಮೂರನೆಯ ಸಂಜೆ ಅತ್ತೆ ಊಟಕ್ಕೆ ಏಳುವುದಿಲ್ಲ.

"ಇಷ್ಟು ವರ್ಷ ನಿನ್ನ 'ಇಲ್ಲ' ಕೇಳಿದ್ದೀನಿ. ಈ 'ಇಲ್ಲ' ಬೇರೆ ಥರ ಇದೆ. ಏನೇ?"

"ಸಿಕ್ತು ಅತ್ತೆ."

"ಯಾವ ಪುಸ್ತಕ?"

"ಪ್ರಾಣಿಗಳದ್ದು. ನರಿಯ ಅಧ್ಯಾಯ ಮುಗಿಯೋ ಹಾಳೆ."

ಅತ್ತೆ ತೊಡೆ ತಟ್ಟಿಕೊಂಡು ನಗುತ್ತಾರೆ. ಮುಖದ ಸುಕ್ಕುಗಳೆಲ್ಲ ಒಂದೇ ಸಲ ಎದ್ದು ಕೂರುತ್ತವೆ. "ಅಂತೂ ಸಿಕ್ತಲ್ಲೇ ನಿನಗೆ! ಬೆನ್ನಿಗೆ ದೀಪ ಹಿಡಿದು ನೋಡಿದ್ಯಾ? ಹಿಡಿದೇ ಇರ್ತೀಯಾ. ಬರಿಗಣ್ಣಿಗೆ ಸಿಗೋ ಮಾಲಲ್ಲ ಅದು. ಬೆರಳಿಗೆ ಸಿಕ್ತಾ? ನಿಜ ಹೇಳು."

"ಇಲ್ಲ. ಬೆರಳಿಗೆ ಸಿಗಲೇ ಇಲ್ಲ."

"ಹಾಂ! ಹಾಗೆ ಬಾ ದಾರಿಗೆ."

ಇದಾದ ಮೇಲೆ ಉಳಿದದ್ದನ್ನು ಹೇಳುವುದು ಕಷ್ಟ. ಆದರೂ ಹೇಳುತ್ತಾಳೆ. ಮುಂದಿನ ಹಾಳೆಯ ಗೂಬೆ, ಸವೆದ ಕಣ್ಣು, ಬೆರಳುಗಳು. ಅತ್ತೆ ಕೇಳುತ್ತ ಕೇಳುತ್ತ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾರೆ.

"ಅಂದ್ರೆ ಈಗ ನನ್ನ ತಲೆ ಮೇಲೆ ಗೂಬೆ ಕೂರಿಸೋಕೆ ಬಂದಿದ್ದೀಯಾ."

ಗಂಡ ಕಿಸಕ್ಕನೆ ನಗುತ್ತಾನೆ. ಬೇರೆ ಯಾರೂ ನಗದ್ದನ್ನು ಕಂಡು ತಟ್ಟೆಯತ್ತ ತಿರುಗುತ್ತಾನೆ.

"ನಿಮ್ಮ ತಪ್ಪು ಅಂತ ಯಾರಂದ್ರು ಅತ್ತೆ? ಮುಚ್ಚಿ ಅಂದ್ರು, ಮುಚ್ಚಿದ್ರಿ. ಗೂಬೆ ನಿಮಗೆ ಕಾಣಿಸಿದ್ದೆಲ್ಲಿ?"

"ಯಾರೂ ಅನ್ನಬೇಕಾಗಿಲ್ಲ. ಹೋಗಿರೋದು ಕಣ್ಣು, ಬುದ್ಧಿ ಅಲ್ಲ."

"ಅಂಟಿಗೆ ಏನು ಬೆರೆಸಿದ್ರಿ?"

"ಮರೆತುಹೋಗಿದೆ," ಎಂದು ಅತ್ತೆ ಗೋಡೆಯ ಕಡೆ ತಿರುಗುತ್ತಾರೆ.

ಅಂದಿನಿಂದ ಮನೆಯಲ್ಲಿ ಮೌನ, ಮಗನ ಮೂಲಕ ಹಾದುಹೋಗುವ ಮೌನ. "ನಿನ್ನ ಹೆಂಡತಿಗೆ ಹೇಳು, ಸಾರಿಗೆ ಉಪ್ಪು ಜಾಸ್ತಿಯಾಗಿದೆ ಅಂತ." "ನಿಮ್ಮಮ್ಮನಿಗೆ ಹೇಳಿ, ಸಾರು ಮಾಡಿದ್ದು ಅವರ ಮಗನೇ ಅಂತ." ಬಸ್ಸಿನ ಗದ್ದಲವೇ ವಾಸಿ ಎಂದು ಅವನು ಬೇಗ ಕೆಲಸಕ್ಕೆ ಹೊರಡುತ್ತಾನೆ. "ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅಂತಾರೆ. ಮಗನಿಗೆ ಅಂತ ಒಂದು ಕಾಲ ಯಾರೂ ಇಟ್ಟಿಲ್ಲ."

ಕೆಲಸದ ಕೋಣೆಯಲ್ಲೂ ದಿನಗಳು ಮುಗಿಯುತ್ತ ಬಂದಿವೆ. ಕ್ಯಾಮೆರಾದವನು ಆಮೆ ದಾಟಿ, ನರಿಯ ಹತ್ತಿರ ಬಂದಿದ್ದಾನೆ. ಅವನಿಗೂ ಆ ಕಣ್ಣು ಕಾಡುತ್ತಿದೆ. ಎರಡು ನಿಮಿಷದ ಕೆಲಸದ ಮಾತನ್ನು ಅವನು ಮತ್ತೆ ಎತ್ತಿಲ್ಲ. ಒಂದು ಮಧ್ಯಾಹ್ನ ಉಪಾಯವೊಂದನ್ನು ಹೊತ್ತು ಬರುತ್ತಾನೆ.

"ಅಕ್ಕಾ, ತಲೆ ಯಾಕೆ ಕೆಡಿಸಿಕೊಳ್ತೀರಿ? ಹಳೇದು ಹೇಗಾದ್ರೂ ಇರಲಿ. ಅಚ್ಚಿನ ಪುಸ್ತಕಕ್ಕೆ ನಾವೇ ತೂತು ಹೊಡೆದುಕೊಡ್ತೀವಿ. ಯಂತ್ರ ಇದೆ. ಎಲ್ಲಾ ಪ್ರತಿಗೂ ಒಂದೇ ಜಾಗ, ಒಂದೇ ಅಳತೆ, ಖಟ್ ಅಂತ."

ತೇಪೆಯಕ್ಕ ತುಸು ಯೋಚಿಸುತ್ತಾಳೆ. ಅವನನ್ನು ಗೇಲಿ ಮಾಡುವ ಮನಸ್ಸಿಲ್ಲ. ಅವನು ಒಳ್ಳೆಯದಕ್ಕೇ ಹೇಳುತ್ತಿದ್ದಾನೆ. "ಹೊಡೀರಪ್ಪ, ಚೆನ್ನಾಗಿರುತ್ತೆ. ಮಕ್ಕಳಿಗೆ ಖುಷಿಯಾಗುತ್ತೆ. ಆದ್ರೆ ಆ ಕಣ್ಣು ಸವೆಸೋಕೆ ಅಷ್ಟು ಬೆರಳು ಎಲ್ಲಿಂದ ತರ್ತೀಯಾ?"

ಅವನು ಹೋಗಿ ದೀಪವೊಂದನ್ನು ಸುಮ್ಮನೆ ಒರೆಸುತ್ತಾನೆ.

ನಸುಕು ಹರಿಯುವ ಮುಂಚೆ ಆಕೆ ಮನೆ ಬಿಡುವುದು ವಾಡಿಕೆ. ಹಾಗೆ ಒಂದು ಬೆಳಿಗ್ಗೆ ಬಾಗಿಲ ಚಿಲಕ ತೆಗೆಯುವಾಗ ಒಳಗಿನಿಂದ ದನಿ ಬರುತ್ತದೆ. ಮಗನ ಮೂಲಕ ಅಲ್ಲ.

"ಆ ಕಣ್ಣು... ಎಷ್ಟು ಸವೆದಿದೆ?"

"ಬಣ್ಣದ ಗುರುತೇ ಇಲ್ಲ ಅತ್ತೆ. ತೊಗಲೂ ನುಣ್ಣಗಾಗಿದೆ, ಮೆಟ್ಟಿಲಿನ ಕಲ್ಲಿನ ಹಾಗೆ."

"ಅಷ್ಟು ಜನ ಮುಟ್ಟಿದ್ದಾರಾ?"

"ಮುಟ್ಟಿದ್ದಾರೆ."

"ನಾನು ಮುಚ್ಚಿದ ಮೇಲೆ?"

ಸುಳ್ಳು ಹೇಳಬಹುದಿತ್ತು. "ಒಬ್ಬರೂ ಇಲ್ಲ."

ಹಾಸಿಗೆಯ ಸದ್ದಾಗುತ್ತದೆ. ಅತ್ತೆ ಎದ್ದು ಕುಳಿತಿದ್ದಾರೆ. ಸೊಸೆಯ ಮುಖ ಅವರಿಗೆ ಕಾಣದು, ಹಾಗಾಗಿ ಬಾಗಿಲಿನ ದಿಕ್ಕಿಗೆ ಮಾತಾಡುತ್ತಾರೆ. "ನೀರು ಮುಟ್ಟಿಸಬೇಡ. ಅಂಟಿಗೆ ಪಟಿಕ ಹಾಕಿದ್ದೆ. ತೇವಕ್ಕೆ ಅದು ಬಿಡಲ್ಲ, ಸುಮ್ಮನೆ ಮಸಿ ಹಾಳು. ಆದ್ರೆ ಹಳೇದಾದ ಪಟಿಕದ ಅಂಟು ಗಾಜಿನ ಥರ, ಒಣಗಿದ್ದಾಗಲೇ ಸಿಡಿದು ಬಿಡುತ್ತೆ. ಹೊಲಿಗೆ ಕಡೆ, ಕೆಳಗಿನ ಮೂಲೇಲಿ, ಅಕ್ಕಿಕಾಳಷ್ಟು ಜಾಗಕ್ಕೆ ಅಂಟು ಹಚ್ಚಿಲ್ಲ. ಮೂಳೆ ಚಾಕು ಅಲ್ಲಿಂದ ತೂರಿಸು."

"ಯಾಕೆ ಬಿಟ್ರಿ ಅತ್ತೆ ಆ ಜಾಗಾನ?"

"ನನಗೆ ಕಲಿಸಿದೋರು ಹೇಳಿದ್ರು. ಮನೆ ಕಟ್ಟೋನು ಬಾಗಿಲಿಲ್ಲದೆ ಕಟ್ತಾನಾ, ಮುಂದೆ ಬರೋನು ಗೋಡೆ ಒಡೆದು ಒಳಗೆ ಬರಬೇಕಾ ಅಂತ."

"ನನಗೆ ಯಾಕೆ ಇದನ್ನ ಕಲಿಸಲಿಲ್ಲ ಮತ್ತೆ?"

"ನಿನ್ನ ತೇಪೆಗೆ ಬಾಗಿಲು ಬೇರೆ ಕೇಡು. ತಾನಾಗೇ ಎದ್ದು ಬರುತ್ತಲ್ಲ," ಎನ್ನುತ್ತಾರೆ ಅತ್ತೆ. ದನಿಯಲ್ಲಿ ಹಳೆಯ ಕುಹಕ ಮರಳಿದೆ. ಅದನ್ನು ಕೇಳಿ ಸೊಸೆಯ ಕಣ್ಣು ತುಂಬುತ್ತದೆ.

ಕೋಣೆಯಲ್ಲಿ ಮೇಲಿನ ಸಾಲಿನ ಗಾಜಿಗೆ ಬೆಳಕು ತಗುಲಿದೆ. ಗ್ರಂಥಪಾಲಕಿ ಕೈಕಟ್ಟಿ ನಿಂತಿದ್ದಾರೆ, ಕ್ಯಾಮೆರಾದವನು ಮೊದಲ ಬಾರಿಗೆ ಬಾಯಿಮುಚ್ಚಿ ನಿಂತಿದ್ದಾನೆ. ತೇಪೆಯಕ್ಕ ಮೂಳೆಯ ಚಾಕುವಿನ ತುದಿಯನ್ನು ಹೊಲಿಗೆಯ ಕಡೆಯ ಕೆಳಮೂಲೆಯಲ್ಲಿ ಊರಿ ಹುಡುಕುತ್ತಾಳೆ. ಇಲ್ಲ. ತುಸು ಮೇಲೆ. ಅಲ್ಲೂ ಇಲ್ಲ. ಪಕ್ಕದಲ್ಲೇ, ಕೂದಲೆಳೆಯ ದೂರದಲ್ಲಿ, ಮಸಿಯ ಅಕ್ಷರವೊಂದು ನಿಂತಿದೆ. ಚಾಕು ಜಾರಿದರೆ ಅದು ಹೋಯಿತು. ಆಕೆ ಚಾಕು ಕೆಳಗಿಟ್ಟು, ಕಣ್ಣು ಮುಚ್ಚಿ, ಉಗುರಿನಿಂದ ಸವರುತ್ತಾಳೆ. ಎಲ್ಲ ಕಡೆ ಬಿಗಿ, ಒಂದು ಕಡೆ ಮಾತ್ರ ಉಸಿರಾಡಿದಷ್ಟು ಸಡಿಲ. ಕಣ್ಣು ತೆರೆಯದೆಯೇ ಚಾಕುವನ್ನು ಅಲ್ಲಿ ಒಳಗೆ ಬಿಡುತ್ತಾಳೆ.

ಟಿಕ್ ಎಂದು ಸಣ್ಣ ಸದ್ದು, ಸಕ್ಕರೆ ಹರಳು ಒಡೆದ ಹಾಗೆ. ಮತ್ತೊಂದು. ಮತ್ತೊಂದು. ಅಂಟು ಪುಡಿಯಾಗುತ್ತ, ಚಾಕು ಸುತ್ತು ಬರುತ್ತದೆ. ಹೂವೆತ್ತಿದಂತೆ ತೇಪೆ ಎದ್ದು ಬಂದು ಆಕೆಯ ಬೆರಳ ತುದಿಯಲ್ಲಿ ನಿಲ್ಲುತ್ತದೆ. ಅದರ ಜಾಗದಿಂದ ಒಂದು ಸವೆದ ಕಣ್ಣು ಮೂವರನ್ನೂ ನೋಡುತ್ತಿದೆ. ಬಣ್ಣವಿಲ್ಲ, ಗೆರೆಯಿಲ್ಲ. ಆದರೂ ಅದು ನೋಡುತ್ತಿದೆ ಎನ್ನುವುದರಲ್ಲಿ ಯಾರಿಗೂ ಸಂಶಯವಿಲ್ಲ. ಕ್ಯಾಮೆರಾದವನ ತೋರುಬೆರಳು ತಾನಾಗಿ ಮುಂದೆ ಹೋಗಿ, ಗಾಳಿಯಲ್ಲಿ ನಿಂತು, ನಾಚಿಕೊಂಡು ಜೇಬು ಸೇರುತ್ತದೆ.

"ನನಗೂ ಹಾಗೇ ಆಯ್ತು ಬಿಡಿ," ಎನ್ನುತ್ತಾರೆ ಗ್ರಂಥಪಾಲಕಿ.

ತೆಗೆದ ತೇಪೆಯನ್ನು ಪುಸ್ತಕದ ಪೆಟ್ಟಿಗೆಯಲ್ಲೇ, ತೆಳುಗಾಗದದಲ್ಲಿ ಸುತ್ತಿ ಇಡಬೇಕೆಂದು ಅವರು ಹೇಳುತ್ತಾರೆ. ಅದೂ ಈಗ ಪುಸ್ತಕದ ಭಾಗವೇ. ತೇಪೆಯಕ್ಕ ಅದನ್ನು ಸುತ್ತಿಟ್ಟು ಮುಂದಿನ ಹಾಳೆಯ ಹುಳದ ತೂತಿಗೆ ಕೈ ಹಾಕುತ್ತಾಳೆ. ಅಂಟು ಹಚ್ಚುವಾಗ ಕುಂಚ ಒಂದು ಕಡೆ ಅಕ್ಕಿಕಾಳಷ್ಟು ಜಾಗ ಬಿಟ್ಟು ಮುಂದೆ ಹೋಗುತ್ತದೆ. "ನಾನು ಹಾಕಿದ್ದರಲ್ಲೂ ಏನೇನು ತಪ್ಪಿದೆಯೋ. ಮುಂದೆ ಯಾರೋ ಬರ್ತಾರಲ್ಲ, ಅವರಿಗೆ ಬಿಚ್ಚೋಕೆ ಕಷ್ಟ ಆಗಬಾರದು. ಅಷ್ಟು ಸಾಕಪ್ಪ ನನಗೆ."

ಸಂಜೆ ಅತ್ತೆ ಜಗಲಿಯಲ್ಲೇ ಕಾಯುತ್ತಿದ್ದಾರೆ. ಆಕೆ ಮೆಟ್ಟಿಲು ಹತ್ತುವ ಮುಂಚೆಯೇ ಕೇಳುತ್ತಾರೆ.

"ಬಿಚ್ಚಿದ್ಯಾ?"

"ಬಿಚ್ಚಿದೆ ಅತ್ತೆ."

"ಅಕ್ಷರ?"

"ಒಂದೂ ಅಲುಗಲಿಲ್ಲ."

ಬೀದಿಯಲ್ಲಿ ಒಂದು ಸೈಕಲ್ಲು ಹೋಗುತ್ತದೆ. "ತೇಪೆ ಹರೀತಾ?"

"ಇಲ್ಲ. ಇಡಿಯಾಗಿ ಬಂತು, ಒಂದೇ ತುಂಡು."

ಅತ್ತೆ ಪಕ್ಕಕ್ಕೆ ಸರಿದು ಸೊಸೆಗೆ ಕೂರಲು ಜಾಗ ಮಾಡಿಕೊಡುತ್ತಾರೆ.

"ಇಡಿಯಾಗಿ ಬಂತು ಅಂದ್ರೆ," ಎನ್ನುತ್ತಾರೆ, "ಹಾಕಿದ್ದು ಸರಿಯಾಗೇ ಹಾಕಿದ್ದೆ ಅಂತಾಯ್ತಲ್ಲ."